ಹದಿಮೂರು–ಹತ್ತು

ಕಿಟಕಿ ಇಳಿಸಿ, ಟಿಕೆಟ್ ಕೊಡಿ.
ನಾಲ್ಕು ಡಾಲರ್ ಎಪ್ಪತ್ತೈದು ಸೆಂಟ್.
ಭಾನುವಾರದ ಆಟಕ್ಕಾ ಹೊರಟದ್ದು?
ಕೇಳಬೇಕಿಲ್ಲ, ಟೋಪಿಯೇ ಹೇಳುತ್ತಿದೆ.
ಹಾಗಾದರೆ ಚಿಲ್ಲರೆಯ ಜೊತೆ ಇದನ್ನೂ ಇಟ್ಟುಕೊಳ್ಳಿ:
ಹದಿಮೂರು–ಹತ್ತು. ಗೆಲ್ಲುವವರು ನಾವು.

ನಾವು ಅಂದರೆ ಕಿತ್ತಳೆ ಹೆಲ್ಮೆಟ್ಟಿನವರು,
ಸರೋವರದ ಗಾಳಿಗೆ ಕೆನ್ನೆ ಒಡೆದುಕೊಂಡು ಬೆಳೆದವರು.
ನೀವು ಕಪ್ಪು-ಹಳದಿ. ನಗಬೇಡಿ.
ಇಪ್ಪತ್ತಾರು ವರ್ಷ ಈ ಗಾಜಿನ ಗೂಡಿನಲ್ಲಿ ಕೂತು
ಹೋಗುವಾಗ ಹಾಡುವವರನ್ನೂ
ಬರುವಾಗ ರೇಡಿಯೋ ಆರಿಸಿದವರನ್ನೂ
ಕಂಡಿದ್ದೇನೆ. ಸೋತವರಾರೆಂದು ತಿಳಿಯಲು
ನನಗೆ ಟೀವಿ ಬೇಡ,
ನೋಟು ಚಾಚುವ ಕೈ ಸಾಕು.

ಕಾರಣ ಬೇಕೆ? ಹಿಂದಿನ ಟ್ರಕ್ಕಿನವ ಹಾರ್ನ್ ಹೊಡೆದುಕೊಳ್ಳಲಿ, ಕೇಳಿ.
ನಿಮ್ಮ ಎಡಗಡೆಯ ಟ್ಯಾಕಲ್‌ಗೆ ಮೊಣಕಾಲು ನೆಟ್ಟಗಿಲ್ಲ,
ಬದಲಿಗೆ ಬರುವ ಹುಡುಗ ಫ್ಲಾರಿಡಾದವ,
ತನ್ನ ಉಸಿರನ್ನು ತಾನೇ ಕಣ್ಣಾರೆ ಕಂಡದ್ದು
ಹೋದ ತಿಂಗಳು.
ಗಾಳಿ ವಾಯವ್ಯದಿಂದ. ಮೂರನೇ ಕ್ವಾರ್ಟರಿಗೆ
ಹಿಮ ಅಡ್ಡಡ್ಡ ಬೀಳುತ್ತದೆ,
ಚೆಂಡು ಮೀನಿನ ಹಾಗೆ ಜಾರುತ್ತದೆ.
ಆಗ ಎಸೆಯುವವನ ಆಟ ಮುಗಿಯಿತು, ನೂಕುವವನದು ಶುರು.
ನಮ್ಮಲ್ಲೊಬ್ಬ ಇದ್ದಾನೆ. ಮೂರು ಜನ ಮೈಮೇಲೆ ಬಿದ್ದರೂ
ತಿಂಗಳ ಬಾಡಿಗೆ ಕಟ್ಟಲು ಹೊರಟವನಂತೆ
ತಲೆ ತಗ್ಗಿಸಿ ಇನ್ನೂ ಎರಡು ಗಜ ಹೋಗುತ್ತಾನೆ.
ನಾಲ್ಕು ಸೆಕೆಂಡು ಉಳಿದಾಗ
ಒಂದು ಒದೆ. ಚೆಂಡು ಕಂಬಕ್ಕೆ ಬಡಿದು,
ಒಂದು ಗಳಿಗೆ ಯೋಚಿಸಿ,
ಒಳಗೆ.

ಕಳೆದ ವರ್ಷವೇ? ಹೌದು, ಇಪ್ಪತ್ತು–ಹದಿನೇಳು ಅಂದಿದ್ದೆ.
ಆದದ್ದು ಮೂವತ್ತೊಂದು–ಮೂರು.
ಮೂರು ನಮ್ಮದು.
ಅದರ ಹಿಂದಿನ ವರ್ಷದ್ದು ಕೇಳಬೇಡಿ.
ಒಬ್ಬ ಮಹಾಶಯ, ಹೋಗುವಾಗ ನನ್ನ ಲೆಕ್ಕ ಕೇಳಿಕೊಂಡು,
ಬರುವಾಗ ಐದರ ನೋಟಿನ ಮೇಲೆ
ನಿಜವಾದ ಅಂಕ ಬರೆದು ಕೈಗಿತ್ತ.
ಗಲ್ಲಾಕ್ಕೆ ಹಾಕಲೇಬೇಕು, ಹಾಕಿದೆ.
ಆ ನೋಟು ಈಗ ಎಲ್ಲಿ ಯಾರ ಹೊಟ್ಟೆ ಉರಿಸುತ್ತಿದೆಯೋ.

ಅಪ್ಪ ನಿಮ್ಮ ಕಡೆಯವ.
ಇದನ್ನು ಎಲ್ಲ ಕಾರಿಗೂ ಹೇಳುವುದಿಲ್ಲ.
ಗಡಿಯಾಚೆ ಅವನ ಕುಲುಮೆ, ಗಡಿಯೀಚೆ ನಮ್ಮ ಮನೆ,
ಅಮ್ಮ, ಲುಡ್ಮಿಲಾ ಹ್ರುಶ್ಕಾ, ಅಪ್ಪಟ ಕಿತ್ತಳೆ.
ಭಾನುವಾರ ಸೋಫಾದಲ್ಲಿ ತಮ್ಮಿಬ್ಬರ ನಡುವೆ
ನನ್ನನ್ನು ಕೂರಿಸುತ್ತಿದ್ದರು, ಬೇಲಿ ಹಾಕಿದ ಹಾಗೆ.
ಉಕ್ಕಿನ ಗಿರಣಿ ಮುಚ್ಚಿದ ಚಳಿಗಾಲ
ಅಪ್ಪ ಸದ್ದು ತೆಗೆದು ಆಟ ನೋಡಿದ.
ಕಪ್ಪು ಅಂಗಿಯವರು ಟಚ್‌ಡೌನ್ ಮಾಡಿದಾಗ
ಅಡುಗೆಮನೆಯಿಂದ ಚಪ್ಪಾಳೆ. ಒಂದೇ ಒಂದು.
ಅಪ್ಪ ತಿರುಗಿ ನೋಡಿದ.
ತಟ್ಟೆ ಒರೆಸುತ್ತಿದ್ದೆ, ಕೈ ತಾಗಿತು, ಅಂದಳು.
ಅವಳ ಕೈಯಲ್ಲಿ ತಟ್ಟೆ ಇರಲಿಲ್ಲ.

ಬರುವ ವರ್ಷ ಈ ಗೂಡೂ ಇರುವುದಿಲ್ಲ.
ಮೇಲೊಂದು ಕ್ಯಾಮೆರಾ, ನಂಬರ್ ಪ್ಲೇಟಿನ ಫೋಟೋ,
ಮನೆಗೆ ಬಿಲ್ಲು.
ಅದು ನಿಮ್ಮ ಟೋಪಿ ನೋಡಿಯೂ ಸುಮ್ಮನಿರುತ್ತದೆ.
ಹಾಗಾಗಿ ಈ ಸಲದ್ದು ಬಾಯಿಗೆ ಬಂದದ್ದಲ್ಲ,
ರಾತ್ರಿ ಪಾಳಿಯಲ್ಲಿ, ಹೀಟರಿನ ಮೇಲೆ ಕಾಲಿಟ್ಟು,
ರಸೀದಿಯ ಹಿಂಬದಿಯಲ್ಲಿ
ಕೂಡಿ ಕಳೆದು ತೆಗೆದ ಲೆಕ್ಕ.

ಹಿಂದಿನ ಸೀಟಿನ ಪುಟ್ಟಿ ಏನೋ ಕೇಳುತ್ತಿದ್ದಾಳೆ.
ಸಮ ಆದರೆ?
ಸಮ ಆದರೆ, ಮಗೂ,
ಎರಡು ಊರಿಗೂ ಅಂದು ನಿದ್ದೆಯಿಲ್ಲ.

ಇಗೋ ಇಪ್ಪತ್ತೈದು ಸೆಂಟ್. ಗೇಟು ಎತ್ತಿದೆ, ಹೊರಡಿ.
ಯಂಗ್ಸ್‌ಟೌನ್ ದಾಟಿದ ಮೇಲೆ ಸೇತುವೆಯಲ್ಲಿ ಮಂಜುಗಡ್ಡೆ, ನಿಧಾನ.
ಭಾನುವಾರ ರಾತ್ರಿ ಇದೇ ಮೂರನೇ ಸಾಲಿಗೆ ಬನ್ನಿ.
ನನ್ನ ರೇಡಿಯೋ ಆರಿಸಿಟ್ಟಿರುತ್ತೇನೆ.
ಗೆದ್ದಿದ್ದರೂ ಹಾರ್ನ್ ಬೇಡ, ಹಾಡು ಬೇಡ,
ಕಿಟಕಿ ಇಳಿಸಿ
ಸುಮ್ಮನೆ ಕೈ ಚಾಚಿ.